ಪೂಜೆಗೆ ಕೂತ ತಾಮ್ರದ ಪೈಪು

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಾನು ಹೂಂಗುಟ್ಟಿ ಸುಮ್ಮನಾಗುತ್ತಿದ್ದೆ. ಹಿತ್ತಲ ಬೇವಿನ ಮರದಲ್ಲಿ ಏನೋ ಬೆಳ್ಳಗೆ ಕಂಡಿತು ಎಂದು ಓಣಿಯ ಹೆಂಗಸರು ಹೇಳಿದರೆ, ಯಾರದೋ ಧೋತರ ಗಾಳಿಗೆ ಹಾರಿ ಸಿಕ್ಕಿಕೊಂಡಿರಬೇಕು ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ. ಎಮ್ಮೆ ಯಾವಾಗ ಈದಿತು, ಲಿಂಬಿಕಾಯಿ ಉಪ್ಪಿನಕಾಯಿ ಯಾವಾಗ ಹಾಕಿದೆ, ಮನೆಗೆ ಯಾರು ಬಂದು ಹೋದರು ಎಂದು ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದಿಡುವ ರೂಢಿ ನನ್ನದು. ಈಗಲೂ ಅಂಥದೊಂದು ಹಾಳೆಯನ್ನು ಎದುರಿಗಿಟ್ಟುಕೊಂಡೇ ಬರೆಯುತ್ತಿದ್ದೇನೆ. ನೀವು ನಂಬಲೇಬೇಕೆಂದು ನಾನು ಹೇಳುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೇ.

ಎಪ್ಪತ್ತರ ದಶಕದ ನಡುವಿನ ವರ್ಷಗಳು. ಪೆಟ್ರೋಲಿನ ದರ ಒಮ್ಮೆಲೇ ಏರಿ, ದೊಡ್ಡ ಮೋಟಾರು ಇಟ್ಟುಕೊಂಡವರೆಲ್ಲ ಅದಕ್ಕೆ ಚಾದರ ಹೊದಿಸಿ ನಿಲ್ಲಿಸಿದ್ದ ಕಾಲ. ವಿಜಾಪುರ ಜಿಲ್ಲೆಯ ಇಂಡಿಯಲ್ಲಿ ನಮ್ಮ ಮಾವನವರದೊಂದು ಹಳೆಯ ಡಾಜ್ ಗಾಡಿ ಇತ್ತು. ಅಮೇರಿಕದಿಂದ ಹಡಗಿನಲ್ಲಿ ಬಂದದ್ದು. ಹಿಂದಿನ ಸೀಟಿನಲ್ಲಿ ನಾಲ್ಕು ಜನ ಮೈಚಾಚಿ ಕೂಡಬಹುದಾಗಿತ್ತು. ಅದರ ಎಂಜಿನ್ನಿನ ಸಪ್ಪಳ ಎಷ್ಟು ಮೆತ್ತಗೆಂದರೆ, ಗಾಡಿ ಅಂಗಳಕ್ಕೆ ಬಂದದ್ದು ನನಗೆ ಗೊತ್ತಾಗುತ್ತಿದ್ದುದು ನಮ್ಮ ಬೆಕ್ಕಿನಿಂದ. ಎಲ್ಲಿದ್ದರೂ ಎದ್ದು ಓಡಿಹೋಗಿ ಬಾನೆಟ್ಟಿನ ಮೇಲೆ ಹಾರಿ, ಆ ಬಿಸಿಯಲ್ಲಿ ಮೈ ಮುದುಡಿ ಮಲಗಿಬಿಡುತ್ತಿತ್ತು.

ಗಾಡಿ ನಿಲ್ಲಿಸಿ ಇಡುವುದು ನಮ್ಮ ಮನೆಯವರಿಗೆ ಸರಿಬರಲಿಲ್ಲ. ತೋಟದ ಲಿಂಬಿಹಣ್ಣಿನ ವ್ಯವಹಾರಕ್ಕೆ ಅವರು ವಿಜಾಪುರ, ಸೊಲ್ಲಾಪುರ ಎಂದು ತಿರುಗಬೇಕಾಗುತ್ತಿತ್ತು. ಆಗ ಹಲವರು ಮಾಡುತ್ತಿದ್ದಂತೆ ಪೆಟ್ರೋಲಿನ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂಡಿಸಬೇಕೆಂದು ನಿಶ್ಚಯಿಸಿದರು. ಸಿಂದಗಿಯಿಂದ ಮಾನಪ್ಪ ಮಿಸ್ತ್ರಿಯನ್ನು ಕರೆಸಿದರು. ಮಾನಪ್ಪ ಕಂಬಾರರ ಮನೆತನದವನು, ಮೂವತ್ತೈದರ ಆಸುಪಾಸಿನವನು. ಮಾತು ಕಡಿಮೆ, ಕೈ ಬಲು ಚೊಕ್ಕ.

ಮಾವನವರು ಬೇಡವೆಂದರು. ಮಗ ಕೇಳಲಿಲ್ಲ. ಬೇವಿನ ಕೊಂಬೆಗೆ ಕಪ್ಪಿ ಕಟ್ಟಿ ಹಳೆಯ ಎಂಜಿನ್ನನ್ನು ಮೇಲೆತ್ತಿದ ದಿನವೇ ಮಾವನವರು ಮಗನೊಂದಿಗೆ ಮಾತು ಬಿಟ್ಟರು. ಏನೇ ಇದ್ದರೂ ನನ್ನ ಮೂಲಕ. ಎದುರಿಗೇ ಕೂತಿದ್ದರೂ, "ಯವ್ವಾ, ಬಾವಿ ಮೋಟ್ರ ಕೆಟ್ಟೈತಿ ಅಂತ ನಿನ್ನ ಗಂಡಗ ಹೇಳು" ಎನ್ನುವರು. ನಮ್ಮ ಮನೆಯವರು ಕೇಳಿಸಿಕೊಂಡು, "ಮಂದಿ ಹಚ್ಚೇನಿ ಅಂತ ಅಪ್ಪಗ ಹೇಳು" ಎನ್ನುವರು. ನಡುವೆ ನಾನು ರೊಟ್ಟಿ ಬಡಿಯುತ್ತ ಕೂತಿರುತ್ತಿದ್ದೆ.

ಕೆಲಸ ಒಂದು ತಿಂಗಳ ಮೇಲಾಯಿತು. ಡೀಸೆಲ್ ಎಂಜಿನ್ನು ಸೊಲ್ಲಾಪುರದ ಗುಜರಿಯಿಂದ ಬಂತು. ಹಳೆಯದಕ್ಕಿಂತ ಭಾರ, ಹಳೆಯದಕ್ಕಿಂತ ಎತ್ತರ. ಕೂಡಿಸಲು ಹೊಸ ಪಾಯ ಬಡಿಯಬೇಕಾಯಿತು, ಮುಂದಿನ ಸ್ಪ್ರಿಂಗಿಗೆ ಇನ್ನೊಂದು ಪಟ್ಟಿ ಸೇರಿಸಬೇಕಾಯಿತು. ಎಲ್ಲ ಆದ ಮೇಲೆ ಬಾನೆಟ್ಟು ಎರಡು ಬೆರಳಷ್ಟು ಮುಚ್ಚಲಿಲ್ಲ. ಮಾನಪ್ಪ ಅದನ್ನು ಒಳಗಿನಿಂದ ಬಡಿದು ನಡುವೆ ಒಂದು ಉಬ್ಬು ಎಬ್ಬಿಸಿದ. ಮೊದಲ ಸಲ ಚಾಲೂ ಮಾಡಿದಾಗ ಗಾಡಿಯ ಗಾಜುಗಳೆಲ್ಲ ಗಡಗಡ ನಡುಗಿದವು. ಅಡಿಗೆಮನೆಯ ಹಲಗೆಯ ಮೇಲಿನ ನನ್ನ ಹಿತ್ತಾಳೆ ಡಬ್ಬಿಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಬೆಕ್ಕು ಅಟ್ಟ ಹತ್ತಿತು.

ಮಾವನವರು ಪಡಸಾಲೆಯಲ್ಲಿ ಕೂತು, "ಹಿಟ್ಟಿನ ಗಿರಣಿಗಿ ಗಾಲಿ ಹಚ್ಚ್ಯಾರ. ಹೋಗೂಮುಂದ ಒಂದು ಚೀಲ ಜ್ವಾಳಾ ಹಾಕಿಕೊಂಡು ಹೋಗು ಅನ್ನು, ಬೀಸಿಕೊಂಡು ಬರತಾನ" ಎಂದರು. ಆಮೇಲೆ ನಗದೆ, "ನಾ ಅದರಾಗ ಕೂಡಂಗಿಲ್ಲ ಯವ್ವಾ" ಎಂದರು.

ಇಳಿಸಿದ ಎಂಜಿನ್ನನ್ನು ದನದ ಕೊಟ್ಟಿಗೆಯ ಮೂಲೆಯಲ್ಲಿ ಎರಡು ಜಾಲಿ ದಿಮ್ಮಿಗಳ ಮೇಲೆ ಇಟ್ಟಿದ್ದರು. ಅದರ ಎಣ್ಣೆ ಬಸಿದು ತೆಗೆದಿತ್ತು, ಪೆಟ್ರೋಲ್ ಬರುವ ಸಾಮಾನು ಬಿಚ್ಚಿತ್ತು, ಬ್ಯಾಟರಿಯ ಮಾತೇ ಇಲ್ಲ. ಬರೀ ಕಬ್ಬಿಣದ ಗಟ್ಟಿ. ಮಾವನವರು ದಿನಾ ಮುಂಜಾನೆ ಹೋಗಿ ಅದರ ಪ್ಲಗ್ಗಿನ ತೂತುಗಳಲ್ಲಿ ಒಂದೊಂದು ಹನಿ ಎಣ್ಣೆ ಬಿಟ್ಟು, ಹ್ಯಾಂಡಲ್ ಹಾಕಿ ನಾಲ್ಕು ಸುತ್ತು ತಿರುಗಿಸಿ ಬರುತ್ತಿದ್ದರು. ಇಲ್ಲದಿದ್ದರೆ ಒಳಗೆ ಹಿಡಿದುಬಿಡುತ್ತದೆ ಎನ್ನುತ್ತಿದ್ದರು. ಯಾಕೆ ಕಾಪಾಡುತ್ತೀರಿ ಎಂದು ನಾನು ಕೇಳಲಿಲ್ಲ. ಮನೆಯಲ್ಲಿ ವಯಸ್ಸಾದವರು ಮಾಡುವ ಕೆಲವು ಕೆಲಸಗಳನ್ನು ಕೇಳಬಾರದು.

ಹೊಸ ಎಂಜಿನ್ ಕೂಡಿಸಿ ಹತ್ತು ಹನ್ನೆರಡು ದಿನವಾಗಿರಬಹುದು, ಖಂಡೇನವಮಿ ಬಂತು. ನಮ್ಮ ಕಡೆ ಆ ದಿನ ದೇವರ ಮುಂದೆ ಮಣೆಯ ಮೇಲೆ ಕುಡಗೋಲು, ಕೊಡಲಿ, ತಕ್ಕಡಿ, ಮನೆಯ ಎಲ್ಲ ಸಲಕರಣೆ ಇಟ್ಟು, ದಾರ ಸುತ್ತಿ, ಕುಂಕುಮ ಹಚ್ಚಿ ಪೂಜೆ ಮಾಡುತ್ತೇವೆ. ಪೂಜೆಗೆ ಕೂತದ್ದನ್ನು ಮರುದಿನ ಬನ್ನಿಸೊಪ್ಪನ್ನು ಬಂಗಾರವೆಂದು ಒಬ್ಬರಿಗೊಬ್ಬರು ಕೊಟ್ಟು ಬನ್ನಿ ಮುಡಿಯುವವರೆಗೆ ಎತ್ತುವುದಿಲ್ಲ. ಸಣ್ಣಪುಟ್ಟ ರಿಪೇರಿಗೆಂದು ನಮ್ಮಲ್ಲೇ ಉಳಿದಿದ್ದ ಮಾನಪ್ಪ ಹಿಂದಿನ ಸಂಜೆ ತನ್ನ ಮನೆಯ ಪೂಜೆಗೆಂದು ಸಿಂದಗಿಗೆ ಹೊರಟಿದ್ದ. ಹೋಗುವ ಮುನ್ನ ಅಡಿಗೆಮನೆಯ ಬಾಗಿಲಿಗೆ ಬಂದು, ಒರೆಸಿ ಹೊಳಪು ಮಾಡಿದ ಒಂದು ತಾಮ್ರದ ಪೈಪನ್ನು ನನ್ನ ಕೈಗೆ ಕೊಟ್ಟ. ಉದ್ದ ಒಂದು ಮೊಳ, ಸಣ್ಣ ಬೆರಳಿನ ದಪ್ಪ, ನಡುವೆ ಸ್ವಲ್ಪ ಬಾಗು.

"ಅಕ್ಕಾರ, ಇದನ್ನ ನಾಳೆ ಮಣಿ ಮ್ಯಾಲ ಇಡ್ರಿ. ಹೊಸಾ ಎಂಜಿನ್ನಿಗಿ ಇದು ಮೊದಲನೇ ಖಂಡೇಪೂಜಾ. ಎಂಜಿನ್ ಎತ್ತಿ ದೇವರ ಮುಂದ ತರಾಕ ಆಗೂದಿಲ್ಲ. ಅದರದೊಂದು ಅಂಗರೇ ಕೂಡಬೇಕು. ನಮ್ಮಪ್ಪ ಹಿಂಗ ಮಾಡತಿದ್ದ." ಮತ್ತೆ ಅಂದ: "ಟಾಕ್ಯಾಗಿನ ಡೀಜೆಲ್ ಪಂಪಿಗಿ ಹೋಗೂದು ಇದರಾಗಿಂದನ. ಇದು ಇಲ್ಲದ ಗಾಡಿ ಒಂದು ಫರ್ಲಾಂಗೂ ದಾಟೂದಿಲ್ಲ. ನಾ ಬಂದು ಹಚ್ಚೂತನಕ ಚಾಲೂ ಮಾಡಬ್ಯಾಡ್ರಿ ಅಂತ ಸಾವ್ಕಾರಗ, ಹುಸೇನಸಾಬಗ ಹೇಳಿಬಿಡ್ರಿ."

ಹುಸೇನಸಾಬ ನಮ್ಮ ಗಾಡಿಯ ಡ್ರೈವರ. ಆಗ ಅವನೂ ಇರಲಿಲ್ಲ, ನಮ್ಮ ಮನೆಯವರೂ ಇರಲಿಲ್ಲ. ಹೇಳುತ್ತೇನೆ ಎಂದೆ. ಒಲೆಯ ಮೇಲೆ ಹೋಳಿಗೆಯ ಬೇಳೆ ಉಕ್ಕುತ್ತಿತ್ತು. ಪೈಪನ್ನು ದೇವರ ಕೋಣೆಯಲ್ಲಿಟ್ಟು ಬಂದೆ. ಆಮೇಲೆ ಆ ಮಾತು ನನಗೆ ನೆನಪಾಗಲೇ ಇಲ್ಲ. ಬೆಳಿಗ್ಗೆ ಅದಕ್ಕೆ ದಾರ ಸುತ್ತಿದವಳು ನಾನೇ, ಕುಂಕುಮ ಹಚ್ಚಿದವಳು ನಾನೇ. ಆಗಲೂ ನೆನಪಾಗಲಿಲ್ಲ.

ಮಧ್ಯಾಹ್ನ ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಮಾವನವರು ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟರು. ಅವರಿಗೆ ಹಳೆಯದೊಂದು ಹರ್ನಿಯಾ ಇತ್ತು. ಅರ್ಧ ತಾಸಿನಲ್ಲಿ ಮುಖ ಬೂದಿಯ ಬಣ್ಣಕ್ಕೆ ತಿರುಗಿತು, ವಾಂತಿ ಶುರುವಾಯಿತು. ಊರ ಡಾಕ್ಟರು ಬಂದು ಮುಟ್ಟಿ ನೋಡಿದವರು ನಮ್ಮ ಮನೆಯವರನ್ನು ಹೊರಗೆ ಕರೆದು, "ಕರುಳು ಸಿಕ್ಕೊಂಡೈತಿ. ಕತ್ತಲಾಗೂದರೊಳಗ ವಿಜಾಪುರ ಮುಟ್ಟಸ್ರಿ. ತಡಾ ಮಾಡಿದ್ರ ನಮ್ಮ ಕೈಯಾಗ ಏನೂ ಉಳ್ಯೂದಿಲ್ಲ" ಎಂದರು.

ಹುಸೇನಸಾಬ ಗಾಡಿ ಚಾಲೂ ಮಾಡಿದ. ಗಾಜು ಗಡಗಡ ಎಂದವು. ಮಾವನವರು ಆ ನೋವಿನಲ್ಲೂ ಕೈ ಆಡಿಸಿ, "ಅದರಾಗ ಬ್ಯಾಡ" ಎಂದರು. ಮಗ ಅವರನ್ನು ಚಾದರದ ಸಮೇತ ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿ, ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಗಾಡಿ ಝಳಕಿ ರಸ್ತೆ ಹಿಡಿದು ಹೋಯಿತು. ಅಲ್ಲಿಂದ ದೊಡ್ಡ ರಸ್ತೆಗೆ ಸೇರಿ ವಿಜಾಪುರಕ್ಕೆ ಹೋಗುವುದು.

ನಾನು ಒಳಗೆ ಬಂದೆ. ದೀಪಕ್ಕೆ ಎಣ್ಣೆ ಹಾಕೋಣವೆಂದು ದೇವರ ಕೋಣೆಗೆ ಹೋದೆ. ಮಣೆಯ ಮೇಲೆ ಕುಡಗೋಲಿನ ಪಕ್ಕದಲ್ಲಿ ಆ ಪೈಪು ಇತ್ತು.

ಆ ಗಳಿಗೆಯನ್ನು ಹೇಗೆ ಬರೆಯಬೇಕೋ ತಿಳಿಯದು. ಎಣ್ಣೆಯ ಗಿಂಡಿ ಕೈಯಲ್ಲೇ ಇತ್ತು. ಒಂದು ಫರ್ಲಾಂಗೂ ದಾಟೂದಿಲ್ಲ ಎಂದು ಮಾನಪ್ಪ ಹೇಳಿದ್ದು ಈಗ ಕಿವಿಯಲ್ಲಿ ಸ್ಪಷ್ಟ ಕೇಳಿತು. ಹಾಗಾದರೆ ಗಾಡಿ ಊರ ಹೊರಗೆ ಬಿಸಿಲಲ್ಲಿ ನಿಂತಿರುತ್ತದೆ, ಒಳಗೆ ಮಾವನವರು ಒದ್ದಾಡುತ್ತಿರುತ್ತಾರೆ, ಹಬ್ಬದ ದಿನ ಆ ರಸ್ತೆಯಲ್ಲಿ ಇನ್ನೊಂದು ಗಾಡಿ ಸಿಗುವುದಿಲ್ಲ. ಅವರು ಸತ್ತರೆ ಅದು ನನ್ನ ಮರೆವಿನಿಂದ. ದಾರ ಬಿಚ್ಚದೆ ಪೈಪನ್ನು ಸೆರಗಿನಲ್ಲಿ ಸುತ್ತಿಕೊಂಡು, ಚಪ್ಪಲಿ ಕೂಡ ಹಾಕಿಕೊಳ್ಳದೆ ಹೊರಟೆ.

ಊರು ದಾಟಿ ಮೊದಲ ಮೈಲುಗಲ್ಲಿನವರೆಗೆ ಹೋದೆ. ಎರಡನೆಯದಕ್ಕೂ ಹೋದೆ. ಆ ರಸ್ತೆ ನೇರ, ಎರಡೂ ಬದಿಗೆ ಬಯಲು. ಕಣ್ಣು ಹಾಯುವವರೆಗೂ ಗಾಡಿ ಇರಲಿಲ್ಲ. ಎದುರಿಗೆ ಬಂದ ಒಬ್ಬ ಮುದುಕ ಎತ್ತಿನ ಬಂಡಿ ನಿಲ್ಲಿಸಿ, "ಸಾವ್ಕಾರ್ರ ಮೋಟಾರ ಏನ್ರಿ? ಅದು ಆಗಳೇ ಹೋತ್ರಿ, ಝಳಕಿ ಮುಟ್ಟಿರಬೇಕು" ಎಂದ. ನನ್ನ ಬರಿಗಾಲು ನೋಡಿ ಬಂಡಿಯಲ್ಲಿ ಕೂಡಿಸಿಕೊಂಡು ಊರಿಗೆ ತಂದುಬಿಟ್ಟ. ಪೈಪನ್ನು ಮತ್ತೆ ಮಣೆಯ ಮೇಲಿಟ್ಟೆ. ಎಲ್ಲೋ ಮುಂದೆ ನಿಂತಿರುತ್ತದೆ ಎಂಬ ಭಯ ಹೋಗಲಿಲ್ಲ.

ನಾಲ್ಕು ಗಂಟೆಗೆ ಎಮ್ಮೆಗೆ ಮೇವು ಹಾಕಬೇಕಲ್ಲ, ಕೊಟ್ಟಿಗೆಗೆ ಹೋದೆ. ಯಾರು ಬದುಕಲಿ ಯಾರು ಸಾಯಲಿ, ದನಕ್ಕೆ ಹೊತ್ತು ತಪ್ಪಿಸಲಾಗುವುದಿಲ್ಲ. ಮೇವಿನ ಸೂಡು ಎತ್ತುವಾಗ ಮೂಲೆಯಲ್ಲಿ ಬೆಕ್ಕು ಕಾಣಿಸಿತು. ಹಳೆಯ ಎಂಜಿನ್ನಿನ ಮೇಲೆ ಮೈ ಮುದುಡಿ ಮಲಗಿತ್ತು. ಅಷ್ಟು ದಿನ ಆ ತಣ್ಣನೆಯ ಕಬ್ಬಿಣದ ಹತ್ತಿರ ಅದು ಸುಳಿದದ್ದನ್ನು ನಾನು ನೋಡಿರಲಿಲ್ಲ. ಹೋಗಿ ಎಂಜಿನ್ನಿನ ಮೇಲೆ ಅಂಗೈ ಇಟ್ಟೆ. ಥಟ್ಟನೆ ತೆಗೆದೆ. ಒಲೆಯಿಂದ ಇಳಿಸಿ ಸ್ವಲ್ಪ ಹೊತ್ತಾದ ಹಂಚಿನಷ್ಟು ಬಿಸಿ ಇತ್ತು. ಆ ಮೂಲೆಗೆ ಬಿಸಿಲು ಬೀಳುವುದಿಲ್ಲ, ಮೇಲೆ ಮಣ್ಣಿನ ಮಾಳಿಗೆ. ಇನ್ನೊಮ್ಮೆ ಇಟ್ಟು ನೋಡಿದೆ. ಸೊಲ್ಲಾಪುರಕ್ಕೆ ಹೋಗಿ ಬಂದ ದಿನಗಳಲ್ಲಿ ಬಾನೆಟ್ಟಿನಿಂದ ಬರುತ್ತಿದ್ದ ವಾಸನೆಯೇ ಬರುತ್ತಿತ್ತು, ಪೆಟ್ರೋಲು ಮತ್ತು ಬಿಸಿ ಎಣ್ಣೆಯದು. ಎಮ್ಮೆ ಸುಮ್ಮನೆ ಮೆಲುಕು ಹಾಕುತ್ತ ನಿಂತಿತ್ತು. ಮೇವು ಹಾಕಿ ಒಳಗೆ ಬಂದು ಕ್ಯಾಲೆಂಡರಿನ ಹಿಂದೆ ಬರೆದೆ: ನಾಲ್ಕು ಗಂಟೆ, ಹಳೇ ಎಂಜಿನ್ ಬಿಸಿ.

ಮರುದಿನ ದಶಮಿ. ಮೊದಲ ಬಸ್ಸಿಗೆ ವಿಜಾಪುರದಿಂದ ಬಂದ ಪರಿಚಯದವರೊಬ್ಬರು ನಮ್ಮ ಮನೆಯವರ ಚೀಟಿ ತಂದುಕೊಟ್ಟರು. ಆಪರೇಶನ್ ಆಗಿದೆ, ಅಪ್ಪ ಪಾರಾದರು ಎಂದು ಎರಡೇ ಸಾಲು. ನಾನು ಚೀಟಿ ಹಿಡಿದು ಅಳುತ್ತಿರುವಾಗಲೇ ಮಾನಪ್ಪ ಬನ್ನಿಸೊಪ್ಪು ಹಿಡಿದುಕೊಂಡು ಬಂದ. ಅಂಗಳ ಖಾಲಿ ಇದ್ದುದನ್ನು ನೋಡಿ, "ಗಾಡಿ ಎಲ್ಲೈತ್ರಿ ಅಕ್ಕಾರ?" ಎಂದ.

ಹೇಳಿದೆ. ಮರೆತದ್ದನ್ನೂ ಹೇಳಿದೆ. ಅವನು ಮೊದಲು ನಕ್ಕ, ಹಬ್ಬಕ್ಕೆ ಚೇಷ್ಟೆ ಮಾಡುತ್ತಿದ್ದೇನೆಂದು. ನಾನು ದೇವರ ಕೋಣೆಯಿಂದ ಪೈಪು ತಂದು ಮುಂದೆ ಹಿಡಿದೆ. ಕುಂಕುಮ ಒಣಗಿತ್ತು, ದಾರ ಹಾಗೇ ಇತ್ತು. ಅವನು ಅದನ್ನು ಮುಟ್ಟಲಿಲ್ಲ. ಬಗ್ಗಿ ನೋಡಿ, "ಹಂಗಾರ ಹೆಂಗ ಹೋತ್ರಿ?" ಎಂದ.

ಇಬ್ಬರೂ ಬಸ್ಸು ಹತ್ತಿದೆವು. ಪೈಪು ನನ್ನ ಮಡಿಲಲ್ಲಿ, ಬನ್ನಿಸೊಪ್ಪಿನ ಜೊತೆಗೆ. ಆಸ್ಪತ್ರೆಯ ಬಯಲಿನಲ್ಲಿ ಗಾಡಿ ನಿಂತಿತ್ತು. ಹುಸೇನಸಾಬ ಅದಕ್ಕೆ ಒರಗಿ ಬೀಡಿ ಸೇದುತ್ತಿದ್ದ. ನಮ್ಮನ್ನು ನೋಡಿದವನೇ, "ಚಲೋ ಟೈಮಿಗಿ ಬಂದಿ ಮಿಸ್ತ್ರಿ. ಮುಂಜಾನಿಂದ ಚಾಲೂನ ಆಗವಲ್ತು. ನಿನ್ನೆ ಮಾತ್ರ ಕುದುರಿ ಹಂಗ ಬಂತು ನೋಡು. ಊರ ದಾಟಿದ ಕೂಡ್ಲೆ ಸಪ್ಪಳ ಇಳದು ಬಿಡ್ತು. ಬಂದ್ ಬಿತ್ತೇನೋ ಅಂತ ಎರಡು ಸಲ ಕಾಲು ಒತ್ತಿ ನೋಡಿದೆ, ಗಾಡಿ ಓಡತಿತ್ತು" ಎಂದ.

ಮಾನಪ್ಪ ಬಾನೆಟ್ಟು ಎತ್ತಿದ. ನಾನೂ ಬಗ್ಗಿ ನೋಡಿದೆ. ಪೈಪು ಇರಬೇಕಾದ ಜಾಗ ಖಾಲಿ ಇತ್ತು. ಧೂಳು ಹೋಗಬಾರದೆಂದು ಎರಡೂ ತುದಿಯ ತೂತುಗಳಿಗೆ ಮಾನಪ್ಪ ಅರಿವೆ ಚೂರು ಸುತ್ತಿ ಬಿರಡೆ ಹಾಕಿ ಹೋಗಿದ್ದನಂತೆ. ಅವು ಹಾಕಿದ ಹಾಗೇ ಇದ್ದವು. "ನೀ ಬಾನೆಟ್ ಎತ್ತಿದ್ದೇನು? ಬ್ಯಾರೆ ಪೈಪ್ ಹಚ್ಚಿ ತಗದೀಯೇನು?" ಎಂದು ಕೇಳಿದ. "ಮಕ್ಕಳಾಣಿ, ಕೈ ಹಚ್ಚಿಲ್ಲ" ಎಂದ ಹುಸೇನಸಾಬ. ಮಾನಪ್ಪ ಬಂಪರಿನ ಮೇಲೆ ಕೂತುಬಿಟ್ಟ. ತಲೆಯ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

ಅಷ್ಟರಲ್ಲಿ ನಮ್ಮ ಮನೆಯವರು ಮೇಲಿನಿಂದ ಇಳಿದು ಬಂದರು. ಪೈಪು ನೋಡಿ, ವಿಷಯ ತಿಳಿದು, ಅವರ ಮುಖ ಕೆಂಪಾಯಿತು. "ಬಿಚ್ಚಿದಾಂವ ಒಂದು ಮಾತು ಹೇಳಬಾರದಿತ್ತೇನು? ನಮ್ಮಪ್ಪ ಹಾದ್ಯಾಗ ಹೋಗಿದ್ರ ಏನು ಮಾಡತಿದ್ದಿ?" ಎಂದು ಮಾನಪ್ಪನ ಮೇಲೆ ಹರಿಹಾಯ್ದರು.

ಮಾನಪ್ಪ ಒಮ್ಮೆ ನನ್ನತ್ತ ನೋಡಿದ. ಆಮೇಲೆ ತಲೆ ತಗ್ಗಿಸಿ, "ತಪ್ಪಾತ್ರಿ ಸಾವ್ಕಾರ, ಹೇಳೂದು ಮರತೆ" ಎಂದ.

ನಾನು ಬಾಯಿ ಬಿಡಲಿಲ್ಲ. ಬಿಡಬೇಕಾಗಿತ್ತು. ಅವನು ಪೈಪಿನ ದಾರ ಬಿಚ್ಚಿ, ಕುಂಕುಮ ಒರೆಸದೆ, ಅದನ್ನು ಜಾಗಕ್ಕೆ ಕೂಡಿಸಿ ತಿರುಪು ಬಿಗಿದ. ಗಾಡಿ ಚಾಲೂ ಆಯಿತು. ಗಾಜು ಗಡಗಡ ಎಂದವು.

ಮೇಲೆ ಮಾವನವರು ಎಚ್ಚರವಾಗಿದ್ದರು. ದನಿ ಸಣ್ಣಗಾಗಿತ್ತು. ನಾನು ಕೊಟ್ಟ ಬನ್ನಿಸೊಪ್ಪನ್ನು ಹಿಡಿದುಕೊಂಡು ಮಗನ ಕಡೆ ಕೈ ಚಾಚಿ, "ಮಲ್ಲಪ್ಪ, ತಗೋ. ಬಂಗಾರಧಂಗ ಇರೂಣು" ಎಂದರು. ಅಷ್ಟು ದಿನಗಳ ನಂತರ ಮಗನೊಂದಿಗೆ ಅವರ ಮೊದಲ ಮಾತು ಅದು. ನಮ್ಮ ಮನೆಯವರು ಅವರ ಕಾಲಿಗೆ ಹಣೆ ಹಚ್ಚಿ ಏಳಲೇ ಇಲ್ಲ. ಮಾವನವರು ಸೀಲಿಂಗು ನೋಡುತ್ತ, "ಗಾಡಿ ಚಲೋ ಬಂತು. ನಿನ್ನ ಡೀಜೆಲ್ಲು ಒಂದೀಟೂ ಸಪ್ಪಳ ಮಾಡಲಿಲ್ಲ. ನಂದ ಎಂಜಿನ್ ಅಂತ ತಿಳಕೊಂಡಿದ್ದೆ" ಎಂದರು. ನೋವಿನ ಮತ್ತಿನಲ್ಲಿ ಹಾಗೆ ಅನ್ನಿಸಿರಬೇಕು ಎಂದರು ನಮ್ಮ ಮನೆಯವರು.

ಹನ್ನೆರಡು ದಿನಕ್ಕೆ ಅವರನ್ನು ಮನೆಗೆ ತಂದೆವು. ಮರುದಿನ ಮುಂಜಾನೆ ಕೋಲು ಊರಿಕೊಂಡು ಕೊಟ್ಟಿಗೆಗೆ ಹೋದರು. ಹ್ಯಾಂಡಲ್ ತಿರುಗಲಿಲ್ಲ. ನಮ್ಮ ಮನೆಯವರು ಹಾಕಿ ನೋಡಿದರು, ಹುಸೇನಸಾಬ ಜೋತುಬಿದ್ದ, ಆಗಲಿಲ್ಲ. ಖಂಡೇನವಮಿಯ ಮುಂಜಾನೆ ಮಾವನವರು ತಾವೇ ತಿರುಗಿಸಿ ಬಂದದ್ದನ್ನು ನಾನು ನೋಡಿದ್ದೆ. ತುಕ್ಕು ಹಿಡಿದಿರಬೇಕು ಎಂದುಕೊಂಡೆವು. ಮಾನಪ್ಪ ಬಂದು ಮೇಲಿನ ಭಾಗ ಬಿಚ್ಚಿದ. ತುಕ್ಕು ಇರಲಿಲ್ಲ. ಒಳಗಿನ ಕಬ್ಬಿಣ ಕಾದು ನೀಲಿಗೆ ತಿರುಗಿತ್ತು, ಉದ್ದಕ್ಕೂ ಗೀರುಗಳು ಬಿದ್ದಿದ್ದವು. ಅವನು ಬೆರಳಾಡಿಸಿ ನೋಡಿ, "ಇದು ನೀರಿಲ್ಲದ, ಎಣ್ಣಿ ಇಲ್ಲದ ಭಾಳ ದೂರ ಓಡಿದ ಎಂಜಿನ್ರಿ" ಎಂದ. ಮುಚ್ಚಳ ಮುಚ್ಚಿದ. ಮಾವನವರು ಅದರ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು. ಆಮೇಲೆ ಹ್ಯಾಂಡಲನ್ನು ಗೋಡೆಗೆ ಆನಿಸಿಟ್ಟು ಒಳಗೆ ಬಂದರು. ಮುಂದೆ ಬದುಕಿದ ಐದು ವರ್ಷಗಳಲ್ಲಿ ಅವರು ಅದನ್ನು ಮತ್ತೆ ಹಿಡಿಯಲಿಲ್ಲ. ಆದರೆ ಡೀಸೆಲ್ ಗಾಡಿಯಲ್ಲಿ ಮಗನ ಪಕ್ಕದಲ್ಲಿ ಕೂತು ತಿರುಗುತ್ತಿದ್ದರು, ಗಿರಣಿ ಗಿರಣಿ ಎಂದು ಬೈಯುತ್ತಲೇ.

ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಹುಸೇನಸಾಬ ಹಾದಿಯಲ್ಲಿ ಏನಾದರೂ ಮಾಡಿ ಮುಚ್ಚಿಟ್ಟನೇ? ಅವನು ಸಾಯುವವರೆಗೂ ಇಲ್ಲವೆಂದೇ ಹೇಳಿದ. ಗಾಬರಿಯಲ್ಲಿ ನನ್ನ ಕೈಗೆ ತಣ್ಣನೆಯದು ಬಿಸಿಯಾಗಿ ತೋರಿತೇ? ಇರಬಹುದು. ಆದರೆ ಬೆಕ್ಕಿಗೆ ಯಾವ ಗಾಬರಿ ಇತ್ತು? ಎಂಜಿನ್ನಿನ ವಿದ್ಯೆ ಕಲಿತ ನಮ್ಮ ಬಂಧುವೊಬ್ಬರಿಗೆ ಹೇಳಿದಾಗ ಅವರು ಹಾಳೆಯ ಮೇಲೆ ಚಿತ್ರ ತೆಗೆದು, ಪೈಪಿಲ್ಲದೆ ಅದು ಓಡಲು ಯಾಕೆ ಸಾಧ್ಯವಿಲ್ಲ ಎಂದು ವಿವರಿಸಿದರು. ಅದು ನನಗೆ ಮೊದಲೇ ಗೊತ್ತಿತ್ತು.

ಮಾನಪ್ಪನ ಮೇಲೆ ಬಂದ ಮಾತನ್ನು ನಾನು ಈವರೆಗೆ ಮನೆಯಲ್ಲಿ ತೆಗೆದು ಹಾಕಿಲ್ಲ. ಮರೆತವಳು ನಾನು. ಇದನ್ನು ಓದಿದರೆ ನಮ್ಮ ಮನೆಯವರಿಗೂ ತಿಳಿಯುತ್ತದೆ, ತಿಳಿಯಲಿ.

ಗುಜರಿಯವರು ಎರಡು ಮೂರು ಸಲ ಬಂದು ಕೇಳಿದರು, ನಾನು ಕೊಡಲು ಬಿಡಲಿಲ್ಲ. ಎಂಜಿನ್ನು ಇಂದಿಗೂ ಆ ಜಾಲಿ ದಿಮ್ಮಿಗಳ ಮೇಲೆಯೇ ಇದೆ. ಪ್ರತಿವರ್ಷ ಖಂಡೇನವಮಿಯ ದಿನ ನಾಲ್ಕು ಗಂಟೆಗೆ ಎಮ್ಮೆಗೆ ಮೇವು ಹಾಕಿ, ಅದಕ್ಕೆ ಕುಂಕುಮ ಹಚ್ಚಿ, ಅಂಗೈ ಇಟ್ಟು ನೋಡುತ್ತೇನೆ. ತಣ್ಣಗಿರುತ್ತದೆ. ಆದರೂ ಸ್ವಲ್ಪ ಹೊತ್ತು ಕೈ ತೆಗೆಯುವುದಿಲ್ಲ.